ದೊಡ್ಡವ್ವ ಆರಿಸಿಕೊಂಡ ಹಂಚು

ರೊಟ್ಟಿ ಸುಡುವ ಹೊಸ ಕಬ್ಬಿಣದ ಹಂಚು ಪಳಗಿಸುವಾಗ ಮನೆಯಲ್ಲಿ ನಿಲ್ಲುವುದೇ ಕಷ್ಟ. ಮೊದಲು ಎಣ್ಣೆಯ ಕಮಟು, ಆಮೇಲೆ ಸೀದ ಉಳ್ಳಾಗಡ್ಡಿ, ಕೊನೆಗೆ ಬರೀ ಕಾದ ಕಬ್ಬಿಣದ ವಾಸನೆ. ಮೊನ್ನೆ ಹರಪನಹಳ್ಳಿಯ ನಮ್ಮ ಮನೆಯಲ್ಲಿ ಗ್ಯಾಸಿನ ಮೇಲೆ ಅಂಥದೊಂದು ಹಂಚನ್ನಿಟ್ಟು, ಅರ್ಧ ಉಳ್ಳಾಗಡ್ಡಿಯನ್ನು ಚಾಕುವಿನ ತುದಿಗೆ ಚುಚ್ಚಿ ಉಜ್ಜುತ್ತ ನಿಂತಿದ್ದೆ. ಹೊಗೆ ಮೇಲೆ ಅಟ್ಟದವರೆಗೆ ಏರಿತ್ತು. ಮಗಳು ವೇಲನ್ನು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತು, "ಯವ್ವಾ, ಮನಿ ಬಿಟ್ಟು ಓಡಿಸಬೇಕಂತ ಮಾಡಿಯೇನು ಎಲ್ಲಾರ್ನೂ?" ಅಂದಳು.

ನಗಬೇಕಿತ್ತು, ನಗು ಬರಲಿಲ್ಲ. ಕೈಯಲ್ಲಿದ್ದ ಉಳ್ಳಾಗಡ್ಡಿ ಹಂಚಿನ ಮೇಲೆಯೇ ಸೀದುಹೋಯಿತು. ಎಷ್ಟೋ ವರ್ಷದಿಂದ ನೆನಪಿಗೆ ಬಾರದಿದ್ದ ಒಬ್ಬ ಹೆಂಗಸು ಆ ಹೊಗೆಯೊಳಗಿಂದ ಎದ್ದು ಬಂದು ನನ್ನ ಅಡುಗೆಮನೆಯಲ್ಲಿ ಕೂತಳು...

ಮಗಳಿಗೆ ಹಡಗಲಿಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದಿದ್ದಾಳೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ. ಆ ಕಟ್ಟೆಯ ಮೇಲೆ ಏನೇನು ಪಾತ್ರೆ ಇರಬೇಕು ಅನ್ನುವುದರ ಮೇಲೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಂಡಿತ್ತು. ಅವಳು ಮೊಬೈಲಿನಲ್ಲಿ ಯಾವಳೋ ಒಬ್ಬಳು ಹೇಳುವುದನ್ನು ನೋಡಿ ನೋಡಿ, ನಾನ್‌ಸ್ಟಿಕ್ ತವಾ, ಗಾಜಿನ ಮುಚ್ಚಳದ ಕಡಾಯಿ, ಹಿಡಿಕೆ ಇರುವ ಪುಟ್ಟ ಪಾತ್ರೆ ಅಂತ ಬೆರಳು ಮಡಿಚುತ್ತಿದ್ದಳು. ನಾನು ಹಂಚು, ಎರಡು ಬೋಗುಣಿ, ಒಂದು ಬಾಣಲಿ, ಹಾಲಿಗೊಂದು ಪಾತ್ರೆ, ಇಷ್ಟಿದ್ದರೆ ಸಂಸಾರವೇ ನಡೆಯುತ್ತದೆ ಅಂದೆ. ಹಂಚು ಅಂದಕೂಡಲೇ ಮುಖ ಸೊಟ್ಟ ಮಾಡಿದಳು. "ನನಗ ರೊಟ್ಟಿ ಬಡಿಯಾಕ ಪುರುಸೊತ್ತೆಲ್ಲೈತವ್ವಾ? ಆಸ್ಪತ್ರಿ ಎದುರಿಗೇ ಮಾರ್ತಾರ, ತಂದು ತಿಂದ್ರಾತು." ಪಾತ್ರೆ ಅಂಗಡಿಯಲ್ಲಿ ಅವಳು ಕುಕ್ಕರಿನ ಮುಚ್ಚಳ ತಿರುವಿ ನೋಡುತ್ತಿದ್ದಾಗ ನಾನು ಹಂಚನ್ನು ಕಟ್ಟಿಸಿಬಿಟ್ಟೆ. ನನ್ನ ಹಠ ನನ್ನದು. ಅದಕ್ಕೆ ಕಾರಣ ಏನು ಅಂತ ಆಗ ನನಗೂ ಗೊತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕೊಟ್ಟೂರಿನಲ್ಲಿ. ನಮ್ಮ ಮನೆಗೂ ದೊಡ್ಡವ್ವನ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧ ಏನೂ ಇಲ್ಲ, ಓಣಿಯ ಹುಡುಗ ಹುಡುಗಿಯರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿದ್ದೆವು, ನಾನೂ ಅನ್ನುತ್ತಿದ್ದೆ. ಹಡಗಲಿ ಕಡೆಯ ಹೆಣ್ಣುಮಗಳು. ಮೂವರು ಅಣ್ಣತಮ್ಮಂದಿರ ಮನೆಗೆ ಹಿರಿಯ ಸೊಸೆಯಾಗಿ ಬಂದವಳು. ಬಜಾರಿನಲ್ಲಿ ಅವರದು ಕಿರಾಣಿ ಅಂಗಡಿ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ, ಮಕ್ಕಳಾಗಿರಲಿಲ್ಲ, ಹಿಂದೆಯೇ ಅತ್ತೆಯೂ ಹೋದಳು. ಆಗ ಮೈದುನರಿಬ್ಬರೂ ಇನ್ನೂ ಸಾಲೆಗೆ ಹೋಗುವ ಹುಡುಗರಂತೆ. ಅವರನ್ನು ಉಣಿಸಿ, ಬೆಳೆಸಿ, ಅಂಗಡಿಗೆ ಕೂರಿಸಿ, ಹೆಣ್ಣು ನೋಡಿ ಮದುವೆ ಮಾಡಿದವಳು ಇವಳೇ. ಇದನ್ನು ಓಣಿಯಲ್ಲಿ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಆ ಮೈದುನರೂ ಇಲ್ಲ ಅನ್ನುತ್ತಿರಲಿಲ್ಲ, ಅದೇ ಅಲ್ಲವೇ ಸಿಟ್ಟು ಬರುವ ಮಾತು. ಅವರಿಬ್ಬರನ್ನು ಗೌರವದ ಬಹುವಚನದಲ್ಲಿ ಕರೆಯಲು ಈಗಲೂ ನನ್ನ ನಾಲಿಗೆ ಹೊರಳುವುದಿಲ್ಲ. ಓದುವವರು ಬೇಸರ ಮಾಡಿಕೊಳ್ಳಬಾರದು.

ದೊಡ್ಡವ್ವ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಅವಳ ಬೆನ್ನು. ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿರುತ್ತಿದ್ದಳು, ನಾವು ಹಿಂದಿನಿಂದ ಹೋಗಿ ನಿಲ್ಲುತ್ತಿದ್ದೆವು. ತಿರುಗಿ ನೋಡದೆ, "ಕೂಡ್ರು, ಬಿಸೀದು ಬರತೈತಿ" ಅನ್ನುತ್ತಿದ್ದಳು. ಜೋಳದ ಹಿಟ್ಟಿಗೆ ಕುದಿನೀರಿನ ಎಸರು ಹಾಕಿ ನಾದಿ, ತಟ್ಟಿ, ಹಂಚಿನ ಮೇಲೆ ಹಾಕಿ, ನೀರಲ್ಲಿ ಅದ್ದಿದ ಅರಿವೆಯನ್ನು ಮೇಲೆ ಸವರಿ, ಆಮೇಲೆ ಕೆಂಡಕ್ಕೆ ಆನಿಸಿ ಉಬ್ಬಿಸುತ್ತಿದ್ದಳು. ಆ ಹಂಚು ಅವಳ ಅತ್ತೆಯ ಕಾಲದ್ದು. ಅಗಲ, ದಪ್ಪ, ಒಂದು ಕಡೆ ಅಂಚು ಸ್ವಲ್ಪ ಬಾಗಿತ್ತು. ಹಿಟ್ಟು ಅಂಟುತ್ತಲೇ ಇರಲಿಲ್ಲ. ಬೇರೆ ಹೆಂಗಸರು ತಮ್ಮ ಹಂಚಿನ ಮೇಲೆ ಹರಿದ ರೊಟ್ಟಿ ತೆಗೆಯುವಾಗ ಇವಳ ಹಂಚನ್ನು ನೆನೆಸಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನಮ್ಮವ್ವ ಒಂದು ಸಲ, "ಅಕ್ಕಾ, ಒಂದೊಪ್ಪತ್ತು ಕೊಡು, ನೋಡ್ತೀನಿ" ಅಂತ ಕೇಳಿದ್ದಕ್ಕೆ ದೊಡ್ಡವ್ವ, "ಗಂಡನ್ನ ಬೇಕಾದ್ರ ಎರವು ಕೊಡಬೇಕು ತಂಗಿ, ಹಂಚು ಕೊಡಬಾರದು. ನನಗ ಗಂಡನೂ ಇಲ್ಲ, ಹಂಗಾಗಿ ನೀನು ಖಾಲಿ ಕೈಲೇ ಹೋಗಬೇಕು" ಅಂದಿದ್ದಳು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದಳು.

ಅವಳಿಗೆ ಹಂಚಿನ ಬಗ್ಗೆ ಕಟ್ಟಳೆಗಳಿದ್ದವು. ಸಾಬೂನು ಹಚ್ಚಬಾರದು. ಕಾದಾಗ ನೀರು ಚೆಲ್ಲಬಾರದು. ಕೆಲಸ ಮುಗಿದ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಬೇಕೇ ಹೊರತು ಬೋರಲು ಹಾಕಬಾರದು. ಹಂಚು ಬೋರಲಾದರೆ ಹೊರಗೆ ಹೋದ ಮನೆಮಂದಿ ತಿರುಗಿ ಬರುವುದಿಲ್ಲವಂತೆ. ನಾನು ಒಂದು ಸಲ ಆಟಕ್ಕೆ ತಿರುವಿ ಹಾಕಿದ್ದಕ್ಕೆ ತಲೆಗೆ ಮೊಟಕಿದ್ದಳು. ಆ ಪೆಟ್ಟು ನೆನಪಿದೆ, ನೋವು ನೆನಪಿಲ್ಲ.

ಮನೆ ಒಡೆದದ್ದು ಒಂದು ಕುಕ್ಕರಿನಿಂದ. ಸಣ್ಣ ಮೈದುನನ ಹೆಂಡತಿ ತವರಿನಿಂದ ತಂದ ಕುಕ್ಕರು ಅದು. ದೊಡ್ಡ ಮೈದುನನ ಹೆಂಡತಿ ಅದರಲ್ಲಿ ಬೇಳೆ ಇಟ್ಟು ಮರೆತು ತಳ ಹತ್ತಿಸಿದಳು. "ನನ್ನ ತವರಿನ ಸಾಮಾನಿಗೆ ಕೈ ಹಚ್ಚಬ್ಯಾಡ" ಅಂತ ಒಬ್ಬಳು, "ನಿನ್ನ ತವರು ದೊಡ್ಡ ಅರಮನಿ ನೋಡು" ಅಂತ ಇನ್ನೊಬ್ಬಳು. ಹೆಂಗಸರ ಜಗಳ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ, ನಾನೂ ಈಗ ಹೇಳಿಬಿಟ್ಟೆ ನೋಡಿ. ಒಳಗೆ ಅಂಗಡಿಯ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಎಂದೋ ಮನಸ್ಸು ಮುರಿದಿತ್ತು, ಕುಕ್ಕರು ಒಂದು ನೆವ. ಎಲ್ಲರ ಮನೆ ದೋಸೆ ತೂತಾದರೆ ಇವರ ಮನೆ ಕಾವಲಿಯೇ ತೂತಾಗಿತ್ತು. ಮನೆಯ ನಡುವೆ ಗೋಡೆ ಕಟ್ಟುವುದು, ಅಡುಗೆ ಬೇರೆ ಮಾಡುವುದು ಅಂತ ತೀರ್ಮಾನ ಆಯಿತು.

ಪಾತ್ರೆ ಪಾಲಾದ ದಿನ ನಾನು ಕಾಲೇಜಿಗೆ ಹೋಗಿರಲಿಲ್ಲ. ಅವರ ಅಂಗಳದಲ್ಲಿ ಎಲ್ಲವನ್ನೂ ತಂದು ಸುರಿದಿದ್ದರು. ಅಷ್ಟು ಪಾತ್ರೆ ಒಂದು ಮನೆಯಲ್ಲಿ ಇರುತ್ತವೆ ಅಂತ ಹೊರಗೆ ಹಾಕಿದಾಗಲೇ ಗೊತ್ತಾಗುವುದು. ಕೊಳಗ, ಡಬರಿ, ಬೋಗುಣಿ, ಪರಾತ, ಬಾಣಲಿ... ಬಿಸಿಲಿಗೆ ಹೊಳೆಯುತ್ತಿದ್ದವು, ಕಣ್ಣು ಬಿಡಲಾಗುತ್ತಿರಲಿಲ್ಲ. ಓಣಿಯ ಹಿರಿಯರು ಇಬ್ಬರು ಕಟ್ಟೆಯ ಮೇಲೆ ಕೂತು, ಪಾತ್ರೆಯ ಮೇಲೆ ಯಾರ ಹೆಸರಿದೆಯೋ ಅವರಿಗೆ ಅದು ಅಂತ ಹೇಳಿದರು. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸುತ್ತಾರಲ್ಲ, ಅದರಿಂದ ಪಾಲು ಸಲೀಸಾಯಿತು. ಒಬ್ಬೊಬ್ಬರೇ ಪಾತ್ರೆ ತಿರುವಿ ಹೆಸರು ಓದುವುದು, ತಮ್ಮ ಕಡೆ ಎಳೆದುಕೊಳ್ಳುವುದು.

ದೊಡ್ಡವ್ವನ ಹೆಸರಿನ ಪಾತ್ರೆ ಒಂದೂ ಇರಲಿಲ್ಲ. ತವರಿನಿಂದ ಅವಳು ತಂದದ್ದು ಹಿತ್ತಾಳೆ. ಮೈದುನರ ಮದುವೆಯ ಹೊತ್ತಿಗೆ ಆ ಹಿತ್ತಾಳೆಯನ್ನೆಲ್ಲ ಅಂಗಡಿಗೆ ಹಾಕಿ ಅದರ ಬದಲು ಸ್ಟೀಲು ತಂದಿದ್ದಳು. ಸ್ಟೀಲಿನ ಮೇಲೆ ಮೈದುನರ ಹೆಸರನ್ನು ತಾನೇ ನಿಂತು ಕೊರೆಸಿದ್ದಳು. ಈಗ ಆ ಹೆಸರು ಓದಿ ಓದಿ ಎಲ್ಲವೂ ಅವಳ ಕಣ್ಣ ಮುಂದೆಯೇ ಎರಡು ಗುಡ್ಡೆಯಾಗುತ್ತಿದ್ದವು. ಅವಳು ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು.

ಅವಳ ಊಟ ಯಾರ ಕಡೆ ಅನ್ನುವ ಮಾತು ಕೊನೆಗೆ ಬಂತು. ಹಿರಿಯರಲ್ಲಿ ಒಬ್ಬರು, ಅರ್ಧ ವರ್ಷ ಇಲ್ಲಿ ಅರ್ಧ ವರ್ಷ ಅಲ್ಲಿ ಅಂದರು. ಮೈದುನರ ಹೆಂಡಿರಿಬ್ಬರೂ ನೆಲ ನೋಡಿದರು. ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದವರು ಆಗ ಮಾತ್ರ ಒಂದಾದರು. ಸಣ್ಣ ಮೈದುನ ಗಂಟಲು ಸರಿಮಾಡಿಕೊಂಡು, "ಅತ್ತಿಗಿಗೆ ಯಾಕ ತ್ರಾಸು, ಅಲ್ಲಿ ಇಲ್ಲಿ ಅಡ್ಡಾಡೋದು? ಹಿತ್ತಲ ಕ್ವಾಣಿ ಆಕಿಗಿರ್ಲಿ. ಜೋಳ ನಾವಿಬ್ರೂ ಹಾಕ್ತೀವಿ. ಒಬ್ಬಾಕಿಗೆ ಎಷ್ಟು ಬೇಕೋ ಅಷ್ಟು ಪಾತ್ರಿ ಆಕೀನ ಆರಿಸಿಕೊಳ್ಳಲಿ" ಅಂದ. ಎಷ್ಟು ಮೆತ್ತಗೆ ಹೇಳಿದನೆಂದರೆ, ಅದೇನೋ ದೊಡ್ಡ ಉಪಕಾರದ ಮಾತು ಅಂತಲೇ ಕೇಳಿಸಿತು. ಹಿರಿಯರು ತಲೆದೂಗಿದರು.

"ಆರಿಸಿಕೊಳ್ಳವ್ವಾ" ಅಂದರು.

ದೊಡ್ಡವ್ವ ಎದ್ದಳು. ಎರಡು ಗುಡ್ಡೆಯ ನಡುವೆ ನಡೆದು ಹೋದಳು. ಯಾವ ಪಾತ್ರೆಯನ್ನೂ ಮುಟ್ಟಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಗೋಡೆಗೆ ಆನಿಸಿದ್ದ ಹಂಚನ್ನು ಎತ್ತಿಕೊಂಡು ಬಂದಳು. ಹಂಚಿಗೆ ಯಾರೂ ಹೆಸರು ಕೊರೆಸುವುದಿಲ್ಲ. ಹೀಗಾಗಿ ಅದನ್ನು ಅಂಗಳಕ್ಕೆ ತರುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ಎದೆಗೆ ಅವುಚಿಕೊಂಡದ್ದಕ್ಕೆ ಅವಳ ಬಿಳಿ ಸೀರೆಗೆ ಮಸಿ ಹತ್ತಿತು.

"ಇಷ್ಟ ಸಾಕು" ಅಂದಳು.

ದೊಡ್ಡ ಮೈದುನನ ಹೆಂಡತಿ, "ಅಕ್ಕಾ, ಅನ್ನ ಸಾರು ಎದರಾಗ ಮಾಡ್ಕೊಂತಿ? ಒಂದು ಬೋಗುಣಿನಾದ್ರೂ ತಗೋ, ನಾಳೆ ಮಂದಿ ನಮಗ ಅಂತಾರ" ಅಂದಳು. ಅವಳಿಗೆ ಮಂದಿಯ ಚಿಂತೆ. ದೊಡ್ಡವ್ವ ತಲೆ ಅಲ್ಲಾಡಿಸಿ ಹಿತ್ತಲ ಕೋಣೆಗೆ ನಡೆದಳು. ಉಣ್ಣುವ ಗಂಗಾಳ, ಕುಡಿಯುವ ಚರಗಿ ಮೊದಲೇ ಅವಳವು ಇದ್ದವು, ಅವು ಪಾಲಿಗೆ ಬರುವ ಸಾಮಾನಲ್ಲ. ಅವೆರಡು, ಒಂದು ಹಂಚು. ಅಷ್ಟೇ ಅವಳ ಹೊಸ ಅಡುಗೆಮನೆ.

ಮುದುಕಿಗೆ ತಲೆ ಕೆಟ್ಟಿದೆ ಅಂತ ಕೆಲವರು, ಸಿಟ್ಟಿಗೆ ಹಾಗೆ ಮಾಡಿದಳು ಅಂತ ಕೆಲವರು ಮಾತಾಡಿಕೊಂಡರು. ನಮ್ಮವ್ವ ಸಂಜೆ ಅವಳ ಕೋಣೆಗೆ ಹೋಗಿ ಬೈದಳು. ನಾನೂ ಜೊತೆಗಿದ್ದೆ. ದೊಡ್ಡವ್ವ ಮೂರು ಕಲ್ಲು ಹೂಡಿ ಒಲೆ ಮಾಡಿ, ಅದಕ್ಕೆ ಮಣ್ಣು ಮೆತ್ತುತ್ತಿದ್ದಳು. ಮುಖದಲ್ಲಿ ದುಃಖ ಇರಲಿಲ್ಲ, ನಿಜ ಹೇಳಬೇಕೆಂದರೆ ಒಂದು ಥರದ ಹುರುಪಿತ್ತು. ಅವ್ವ ಬೈದು ಮುಗಿಸುವ ತನಕ ಕಾದು, ಕೈಯ ಮಣ್ಣು ಕೊಡವಿಕೊಂಡು ಹೇಳಿದಳು:

"ಬೋಗುಣಿ ತಗೊಂಡ್ರ ನನ್ನ ಒಲಿ ಬ್ಯಾರೆ ಆತು ಅಂತ ನಾನ ಒಪ್ಪಿಕೊಂಡಂಗ. ಹಂಚು ಹಂಗಲ್ಲ ತಂಗಿ. ಈ ಹಂಚಿಲ್ದಂಗ ಅವರು ರೊಟ್ಟಿ ಹ್ಯಾಂಗ ತಿಂತಾರ? ಎರಡೂ ಮನಿಯವ್ರು ಇಲ್ಲಿಗೇ ಬರಬೇಕು. ರೊಟ್ಟಿ ನನ್ನ ಕಡೆಯಿಂದ ಹೋಗತೈತಿ, ಅನ್ನ ಸಾರು ಅವರ ಕಡೆಯಿಂದ ಬರತೈತಿ. ಗ್ವಾಡಿ ಕಟ್ಟಿಕೊಳ್ಳಲಿ ಬೇಕಾದ್ರ."

ಅವಳ ಲೆಕ್ಕ ಅದು. ಆಗ ನನಗೆ ಅದು ಬಲು ಜಾಣತನ ಅನ್ನಿಸಿತ್ತು. ನಮ್ಮ ಮಾತಿನಲ್ಲಿ ರೊಟ್ಟಿ ಸುಡುವುದೂ ಹಂಚೇ, ಪಾಲು ಮಾಡು ಅನ್ನುವುದೂ ಹಂಚೇ. ಅವಳು ಓದಿದವಳಲ್ಲ, ಮಾತಿನ ಚಮತ್ಕಾರಕ್ಕೆ ಹಾಗೆ ಮಾಡಿರಲಿಕ್ಕಿಲ್ಲ. ಆದರೆ ಮನೆಯಲ್ಲಿದ್ದದ್ದನ್ನೆಲ್ಲ ಹಂಚಿಕೊಂಡವರಿಂದ ಹಂಚಲಾಗದ ಒಂದನ್ನು ಅವಳು ಎತ್ತಿಟ್ಟುಕೊಂಡಿದ್ದಳು.

ಮೊದಮೊದಲು ಅವಳ ಲೆಕ್ಕ ಸರಿಯಾಗಿಯೇ ನಡೆಯಿತು. ಬೆಳಗ್ಗೆ ಎರಡೂ ಮನೆಯ ಮಕ್ಕಳು ತಟ್ಟೆ ಹಿಡಿದು ಬರುತ್ತಿದ್ದರು. ಗಂಗಾಳದಲ್ಲೇ ಹಿಟ್ಟು ನಾದಿ, ಬಾಗಿಲ ಬಳಿಯ ಚಪ್ಪಡಿ ಕಲ್ಲಿನ ಮೇಲೆ ಬಡಿದು, ಬಿಸಿ ಬಿಸಿ ಕಟ್ಟು ಕಟ್ಟಿ ಕಳಿಸುತ್ತಿದ್ದಳು. ಹೋದ ತಟ್ಟೆಯಲ್ಲಿ ಪಲ್ಯವೋ ಬೇಳೆಯೋ ತಿರುಗಿ ಬರುತ್ತಿತ್ತು. ಗೋಡೆಯಾಚೆಯಿಂದ ಅವಳ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಮ್ಮವ್ವ, "ಗಟ್ಟಿಗಿತ್ತಿ ಅದಾಳ" ಅಂತ ತನ್ನಷ್ಟಕ್ಕೆ ಅನ್ನುತ್ತಿದ್ದಳು.

ಆಮೇಲೆ... ಏನೂ ಆಗಲಿಲ್ಲ. ಜಗಳ ಆಗಲಿಲ್ಲ, ಬೇಡ ಅಂತ ಯಾರೂ ಹೇಳಲಿಲ್ಲ. ಸಣ್ಣವನ ಹೆಂಡತಿ ಗ್ಯಾಸು ತಂದಳು, ತವಾ ತಂದಳು. ಬೆಳಗ್ಗೆ ಗಡಿಬಿಡಿಗೆ ಚಪಾತಿ ಸಲೀಸು ಅಂದಳು. ದೊಡ್ಡವನ ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಸೇರುತ್ತಿಲ್ಲ, ಅನ್ನವೇ ಬೇಕಂತೆ. ಸಂತೆಯ ಹಾದಿಯಲ್ಲಿ ಒಬ್ಬಾಕೆ ರೊಟ್ಟಿ ಬಡಿದು ಮಾರತೊಡಗಿದ್ದಳು, ಬೇಕೆನಿಸಿದ ದಿನ ಅಲ್ಲಿಂದ ತರಿಸುತ್ತಿದ್ದರು. ಎದುರಿಗೆ ಬಂದು ಬೇಡ ಅಂದಿದ್ದರೆ ದೊಡ್ಡವ್ವ ಎದ್ದು ನಿಂತು ನಾಲ್ಕು ಮಾತಾಡುತ್ತಿದ್ದಳು. ಬರೀ ತಟ್ಟೆ ಬರುವುದು ನಿಂತರೆ ಯಾರ ಸಂಗಡ ಜಗಳ ಮಾಡುವುದು?

ಅವಳು ಮಾತ್ರ ಬಡಿಯುವುದನ್ನು ಬಿಡಲಿಲ್ಲ. ಬಂದರೆ ಇರಲಿ ಅಂತ ಎರಡೂ ಮನೆಗೆ ಆಗುವಷ್ಟು ಬಡಿದು, ಅರಿವೆ ಸುತ್ತಿ, ಬುಟ್ಟಿಯಲ್ಲಿ ಇಡುತ್ತಿದ್ದಳು. ಮರುದಿನ ಅವು ಒಣಗಿ ಖಡಕ್ ಆಗುತ್ತಿದ್ದವು. ಬುಟ್ಟಿ ತುಂಬಿದ ಮೇಲೆ ಓಣಿಯವರಿಗೆ ಕೊಡುತ್ತಿದ್ದಳು. ಅವಳಿಗೆ ಹಲ್ಲು ಹೋಗಿದ್ದವು. ಒಣಗಿದ ರೊಟ್ಟಿಯನ್ನು ಚರಗಿಯ ನೀರಲ್ಲಿ ಅದ್ದಿ, ಶೇಂಗಾ ಪುಡಿ ಹಚ್ಚಿಕೊಂಡು, ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಮೈದುನರ ಮನೆಯಿಂದ ಬರುತ್ತಿದ್ದ ಬೇಳೆ ಪಲ್ಯವೂ ತಟ್ಟೆಯ ಜೊತೆಯೇ ನಿಂತಿತ್ತು.

ಅವ್ವನಿಗೆ ತಡೆಯಲಿಲ್ಲ. ನಮ್ಮ ಮನೆಯ ಸಣ್ಣ ಬೋಗುಣಿಯೊಂದನ್ನು ಒಯ್ದು ಕೊಟ್ಟಳು. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವ್ವನ ಹೆಸರು ಕೊರೆದಿತ್ತು. ಅದರಲ್ಲಿ ಮೆತ್ತಗೆ ಬೇಳೆ ಬೇಯಿಸಿ ತುಂಬಿಯೇ ಕೊಟ್ಟಿದ್ದಳು, ಬೋಗುಣಿ ನಿನ್ನ ಕಡೆಗೇ ಇರಲಿ, ಗಂಜಿ ಮಾಡಿಕೊ ಅಂತ ಹೇಳಿಯೂ ಇದ್ದಳು. ಮಧ್ಯಾಹ್ನಕ್ಕೆ ದೊಡ್ಡವ್ವ ಬೋಗುಣಿಯನ್ನು ತಿಕ್ಕಿ ತೊಳೆದು, ಅದರೊಳಗೆ ರೊಟ್ಟಿ ಮಡಚಿಟ್ಟು ತಿರುಗಿ ತಂದಳು. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ, ಅದನ್ನು ಅವಳು ಬಿಡುವವಳಲ್ಲ. ಅವ್ವ ಮತ್ತೆ ಕೊಟ್ಟಳು. ಮತ್ತೆ ರೊಟ್ಟಿ ತುಂಬಿಕೊಂಡು ತಿರುಗಿ ಬಂತು. ಹೀಗೆ ಎಷ್ಟು ಸಲ ಆ ಬೋಗುಣಿ ಗೋಡೆಯ ಆಚೆ ಈಚೆ ತಿರುಗಿತೋ...

"ಚರಗಿಯಾಗ ನೀರು ಕಾಸ್ತೀಯಲ್ಲಾ, ಹಂಗ ಬೋಗುಣಿಯಾಗ ಒಂದೀಟು ಗಂಜಿ ಕಾಸ್ಕೊಳ್ಳಾಕ ಏನು ಧಾಡಿ ನಿನಗ?" ಅಂತ ಅವ್ವ ಒಂದು ದಿನ ಕೂಗಾಡಿದಳು.

"ನೀರು ಕಾಸೋದು ಬ್ಯಾರೆ, ಅಡಿಗಿ ಮಾಡೋದು ಬ್ಯಾರೆ" ಅಂದಳು ದೊಡ್ಡವ್ವ. "ನನ್ನ ಮನಿಯಾಗ ಅಡಿಗಿ ಐತಲ್ಲ ತಂಗಿ, ಆ ಕಡೆ." ಕೈ ಮಾಡಿ ಮೈದುನರ ಮನೆ ತೋರಿಸಿದಳು. ಅವ್ವ ಎದ್ದು ಬಂದಳು. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಅವ್ವ ಅಳುವುದನ್ನು ನಾನು ಹೆಚ್ಚು ನೋಡಿರಲಿಲ್ಲ, ಅದಕ್ಕೇ ಆ ದಿನ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ದೊಡ್ಡ ಮೈದುನನ ಮಗಳ ಮದುವೆ ಗೊತ್ತಾಯಿತು. ಆ ಹುಡುಗಿಯನ್ನು ದೊಡ್ಡವ್ವನೇ ಎತ್ತಿ ಆಡಿಸಿದ್ದು. ಸುದ್ದಿ ಕೇಳಿದ ದಿನ ಅವಳ ಮೈಗೆ ಎಲ್ಲಿಂದಲೋ ಕಸುವು ಬಂತು. ಮದುವೆ ಅಂದರೆ ನಮ್ಮಲ್ಲಿ ವಾರದ ಮುಂಚೆಯೇ ರೊಟ್ಟಿ ಬಡಿಯಬೇಕು. ಮದುವೆ ಮನೆಯವರು ಓಣಿಯ ಮನೆ ಮನೆಗೆ ಜೋಳದ ಹಿಟ್ಟು ಹಂಚುತ್ತಾರೆ, ಪ್ರತಿ ಮನೆಯ ಹೆಂಗಸರೂ ಬಡಿದು ಒಣಗಿಸಿ ಕೊಡುತ್ತಾರೆ. ಅವರ ಮನೆಯ ಯಾವ ಮದುವೆಯಲ್ಲೂ ಮೊದಲ ಹಿಟ್ಟು ಬೀಳುತ್ತಿದ್ದದ್ದು ದೊಡ್ಡವ್ವನ ಹಂಚಿಗೇ. ಅವಳು ಕೋಣೆಗೆ ಸುಣ್ಣ ಬಳಿದಳು, ಒಲೆ ಸಾರಿಸಿದಳು, ಕಟ್ಟಿಗೆ ಕೂಡಿಹಾಕಿದಳು. "ಹಿಟ್ಟು ಬರ್ಲಿ, ನೀವೂ ಬರ್ರಿ ಬಡಿಯಾಕ, ಒಬ್ಬಾಕಿ ಕೈಲೆ ಆಗಂಗಿಲ್ಲ" ಅಂತ ನಮ್ಮನ್ನೂ ಕರೆದಿಟ್ಟಿದ್ದಳು.

ಹಿಟ್ಟು ಬರುತ್ತದೆ ಅಂದುಕೊಂಡ ದಿನ ನಾನೂ ಅವ್ವನೂ ಹೋದೆವು. ದೊಡ್ಡವ್ವ ಮಿಂದು, ಒಗೆದ ಸೀರೆ ಉಟ್ಟು, ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಒಲೆ ಹೊತ್ತಿಸಿದ್ದಳು. ಹಂಚು ಕಾಯುತ್ತಿತ್ತು, ಅದರ ವಾಸನೆ ಕೋಣೆ ತುಂಬಿತ್ತು. ಹೊರಗೆ ದೊಡ್ಡ ಮೈದುನನ ಮನೆಯ ಹಿತ್ತಲ ಕಡೆ ಒಂದು ಟೆಂಪೋ ಬಂದು ನಿಂತಿತು. ಕೂಡ್ಲಿಗಿ ಕಡೆಯಿಂದ ರೊಟ್ಟಿ ತರಿಸಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟು ಕಟ್ಟಾಗಿ ಪ್ಯಾಕ್ ಮಾಡಿದ ರೊಟ್ಟಿ. ಇಳಿಸಿಕೊಳ್ಳುವುದನ್ನು ನಾವು ಮೂವರೂ ಬಾಗಿಲಿಂದ ನೋಡಿದೆವು. ದೊಡ್ಡವ್ವ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಅದನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ.

ಆದರೆ ಅದೇ ಹೊತ್ತಿಗೆ ದೊಡ್ಡ ಮೈದುನನ ಹೆಂಡತಿ ಲಗ್ನಪತ್ರಿಕೆಯ ಕಟ್ಟು, ಅಕ್ಷತೆಯ ತಟ್ಟೆ ಹಿಡಿದುಕೊಂಡು ಓಣಿಗೆಲ್ಲ ಹೇಳುತ್ತ ಬಂದಳು. ನಮ್ಮ ಮನೆ ಕದ ಹಾಕಿತ್ತು, ಅವ್ವ ಇಲ್ಲಿದ್ದಾಳೆ ಅಂತ ಯಾರೋ ಹೇಳಿರಬೇಕು. ಹಿತ್ತಲ ಬಾಗಿಲಿಗೆ ಬಂದು ಅವ್ವನ ಕೈಗೆ ಪತ್ರಿಕೆ ಕೊಟ್ಟಳು. ದೊಡ್ಡವ್ವನನ್ನೂ ಬಿಡುವಂತಿರಲಿಲ್ಲ, ಅವಳ ಕೈಗೂ ಒಂದು ಕೊಟ್ಟಳು. ಬೆಳಗಿನಿಂದ ಮನೆ ಮನೆಯ ಬಾಗಿಲಲ್ಲಿ ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತು, ಯೋಚನೆಯಿಲ್ಲದೆ ಬಂತು. "ಮನಿ ಮಂದಿಯೆಲ್ಲಾ ಕೂಡಿ ಊಟಕ್ಕ ಬರ್ರಿ."

ಮನೆಯ ಹಿರಿಯಳನ್ನೇ ಹೊರಗಿನವರಂತೆ ಕರೆದೆ ಅಂತ ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಮುಖ ಕಪ್ಪಿಟ್ಟಿತು. ಕೆಟ್ಟ ಹೆಂಗಸಲ್ಲ ಅವಳು, ಬೇಕೆಂದು ಅಂದದ್ದಲ್ಲ. ಇದನ್ನು ನಾನು ದೇವರ ಮೇಲೆ ಆಣೆ ಮಾಡಿ ಹೇಳಬಲ್ಲೆ. ಬೇಕೆಂದು ಅಂದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ದೊಡ್ಡವ್ವ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಪರರು ಕರೆಯಲು ಬಂದಾಗ ಏನು ಹೇಳಬೇಕೋ ಅದನ್ನೇ ಹೇಳಿದಳು.

"ಆತವ್ವಾ, ಬರ್ತೀವಿ."

ಬರ್ತೀನಿ ಅನ್ನಲಿಲ್ಲ, ಬರ್ತೀವಿ ಅಂದಳು. ಮೈದುನನ ಹೆಂಡತಿ ಸೆರಗು ಸರಿಮಾಡಿಕೊಂಡು ಹೊರಟು ಹೋದಳು. ನಾವೂ ಎದ್ದು 'ಬರ್ತೀವಿ ಅಕ್ಕಾ' ಅಂತ ಹೇಳಿ ಮನೆಗೆ ಬಂದೆವು.

ಸಂಜೆ ದೀಪ ಹಚ್ಚುವ ಮುಂಚೆ ದೊಡ್ಡವ್ವ ನಮ್ಮ ಹೊಸಿಲಲ್ಲಿ ನಿಂತಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ. "ತಂಗಿ, ನಿನ್ನ ಸಣ್ಣ ಬೋಗುಣಿ ಕೊಡು" ಅಂದಳು. ಅವ್ವ ತಂದು ಕೊಟ್ಟಳು. ಅದನ್ನು ಸೆರಗಿನಡಿ ಇಟ್ಟುಕೊಂಡು, "ಈ ಸಲ ತಿರುಗಿ ಕೊಡಂಗಿಲ್ಲ" ಅಂದಳು.

ಅವ್ವ ಎಷ್ಟು ದಿನದಿಂದ ಆ ಮಾತಿಗೆ ಕಾದಿದ್ದಳು. ಈಗ ಕೇಳಿ, ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು.

ಮದುವೆಗೆ ದೊಡ್ಡವ್ವ ಬಂದಳು. ಮನೆಯವರ ಸಂಗಡ ಅಲ್ಲ, ನಮ್ಮ ಸಂಗಡ ಬಂದಳು. ಓಣಿಯವರ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತಳು. ಬಡಿಸುವ ಹುಡುಗ ಪ್ಯಾಕೆಟ್ಟಿನ ರೊಟ್ಟಿ ಹಾಕಿದ. ಒಂದು ಚೂರು ಮುರಿದು, ಬೆರಳಲ್ಲಿ ತಿಕ್ಕಿ ನೋಡಿ, "ಎಸರು ಕಾದಿಲ್ಲ" ಅಂದಳು, ಎಲೆಯ ಅಂಚಿಗೆ ಇಟ್ಟಳು. ಸಾರು ಅನ್ನ ಕಲಸಿ ಉಂಡಳು. ಮದುಮಗಳು ಕಾಲಿಗೆ ಬಿದ್ದಾಗ ತಲೆ ಮುಟ್ಟಿ ಹರಸಿದಳು. ಎಲ್ಲವನ್ನೂ ಬಂದ ನೆಂಟರು ಮಾಡುವಂತೆಯೇ ಮಾಡಿ, ಮಧ್ಯಾಹ್ನಕ್ಕೆ ಮನೆಗೆ ಹೊರಟಳು.

ಆಮೇಲೆ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ನಾನು ಒಂದು ಸಲ ಹೋದಾಗ ಅವಳು ಬೋಗುಣಿಯಲ್ಲಿ ನುಚ್ಚಿನ ಗಂಜಿ ಕಾಯಿಸುತ್ತಿದ್ದಳು. ಹಂಚು ಮೂಲೆಯಲ್ಲಿ ಬೋರಲು ಬಿದ್ದಿತ್ತು, ಮೇಲೆ ಬೂದಿ ಕೂತಿತ್ತು. ನಾನು ಅದನ್ನು ಎತ್ತಿ ನಿಲ್ಲಿಸಲು ಹೋದೆ.

"ಇರ್ಲಿ ಬಿಡವ್ವಾ" ಅಂದಳು, "ಯಾರು ಬರೋರದಾರ."

ಅವಳಿಗೆ ಹೇಳಿಕೊಳ್ಳುವಂಥ ರೋಗ ಏನೂ ಇರಲಿಲ್ಲ. ಗಂಜಿ ಕುಡಿಯುತ್ತಿದ್ದಳು, ಮಲಗುತ್ತಿದ್ದಳು. ಬೋಗುಣಿ ಇಟ್ಟುಕೊಂಡ ಮೇಲೆ ಅವಳ ಹೊಟ್ಟೆಗೆ ನೆಟ್ಟಗೆ ಬೀಳುತ್ತಿತ್ತು, ಆದರೂ ದಿನದಿನಕ್ಕೆ ಇಳಿದಳು. ಒಂದು ಬೆಳಗ್ಗೆ ಅವ್ವ ಹೋಗಿ ಕರೆದರೆ ಏಳಲಿಲ್ಲ. ಮೈದುನರಿಬ್ಬರೂ ಬಾಯಿ ಬಡಿದುಕೊಂಡು ಅತ್ತರು. ಸುಳ್ಳು ಅಳು ಅಂತ ನಾನು ಹೇಳಲಾರೆ, ನಿಜವಾಗಿಯೇ ಅತ್ತರು. "ನಮ್ಮ ಅವ್ವ ಹೋದ್ಲು" ಅಂದರು. ಭಜನೆ ಮಾಡಿಸಿದರು, ಕಾರ್ಯವನ್ನು ಊರು ಮೆಚ್ಚುವಂತೆ ಮಾಡಿದರು. ಆ ದಿನ ಎರಡೂ ಮನೆಯವರು ಕೂಡಿ ಉಂಡರು. ಅದನ್ನು ನೋಡಿ ನಮ್ಮವ್ವ ಊಟ ಬಿಟ್ಟು ಎದ್ದಳು.

ಕೋಣೆ ಖಾಲಿ ಮಾಡುವಾಗ ಹಂಚನ್ನು ಹಳೆ ಕಬ್ಬಿಣದವನಿಗೆ ಹಾಕಿದರು. ಅವನು ಅದರ ತೂಕಕ್ಕೆ ಉಳ್ಳಾಗಡ್ಡಿ ಕೊಟ್ಟು ಹೋದ. ಸಣ್ಣವನ ಹೆಂಡತಿ ನಮ್ಮ ಮನೆಗೆ ಬಂದು ಬೋಗುಣಿಯನ್ನು ಕೊಟ್ಟಳು. "ನಿಮ್ಮ ಹೆಸರೈತ್ರಿ ಇದರ ಮ್ಯಾಲ. ನಿಮ್ಮ ಸಾಮಾನು ನಮಗ್ಯಾಕ?" ಅಂದಳು. ಅವ್ವ ಅದನ್ನು ಇಸಿದುಕೊಂಡು ಒಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಖಾಲಿ ಕೊಟ್ಲು" ಅಂದಳು. ಅಷ್ಟೇ.

ಅವ್ವ ಆ ಬೋಗುಣಿಯಲ್ಲಿ ಮತ್ತೆ ಅಡುಗೆ ಮಾಡಲಿಲ್ಲ. ನನ್ನ ಮದುವೆಯಲ್ಲಿ ಉಳಿದ ಪಾತ್ರೆಗಳ ಜೊತೆ ಅದೂ ಹರಪನಹಳ್ಳಿಗೆ ಬಂತು. ಯಾಕೆ ಕೊಟ್ಟಳೋ, ನಾನು ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವ್ವನೂ ಇಲ್ಲ...

ಮೊನ್ನೆ ಹಂಚಿನ ಹೊಗೆ ಇಳಿದ ಮೇಲೆ ಮಗಳು ಅಟ್ಟ ಹತ್ತಿ ತನಗೆ ಬೇಕಾದ ಪಾತ್ರೆ ಹುಡುಕುತ್ತಿದ್ದಳು. ಧೂಳು ಹಿಡಿದ ಒಂದು ಸಣ್ಣ ಬೋಗುಣಿಯನ್ನು ಕೈಯಲ್ಲಿ ಹಿಡಿದು ಇಳಿದಳು. ವೇಲಿನಿಂದ ಒರೆಸಿ, ಅಂಚಿನ ಚುಕ್ಕಿ ಅಕ್ಷರ ಓದಿ, "ಅಜ್ಜೀದು" ಅಂತ ಖುಷಿಪಟ್ಟಳು. "ಯವ್ವಾ, ಇದನ್ನ ಒಯ್ತೀನಿ. ಒಬ್ಬಾಕಿಗೆ ಸರಿಯಾಗೈತಿ ನೋಡು."

ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡೆ. ಅವಳಿಗೆ ಗಾಬರಿಯಾಯಿತು. ಒಳಗೆ ಹೋಗಿ ದೊಡ್ಡ ಬೋಗುಣಿ ತಂದು ಅವಳ ಚೀಲದಲ್ಲಿ ಇಟ್ಟೆ, ನಾಲ್ಕು ಮಂದಿಗೆ ಆಗುವಂಥದು. ಪಳಗಿಸಿದ ಹಂಚನ್ನೂ ಅರಿವೆ ಸುತ್ತಿ ಇಟ್ಟೆ. ಅವಳು ಬಡಿಯುವುದಿಲ್ಲ ಅಂತ ನನಗೆ ಗೊತ್ತು. ಅಲ್ಲಿ ಯಾವುದೋ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ, ಹಿಡಿಯಲಿ.

ಅವಳು ಹಡಗಲಿಯ ಬಸ್ಸು ಹತ್ತಿದ ಮೇಲೆ ಮನೆಗೆ ಬಂದು ಸಣ್ಣ ಬೋಗುಣಿಯನ್ನು ತೊಳೆದೆ. ಅಟ್ಟಕ್ಕೆ ಇಡುವ ಮುಂಚೆ ಒಂದು ಹಿಡಿ ಜೋಳ ಹಾಕಿದೆ. ಇದನ್ನು ಯಾರ ಮನೆಗೆ ತಿರುಗಿ ಕೊಡಬೇಕು ಅಂತ ನಿಂತು ಯೋಚಿಸಿದೆ. ಕೊಡುವುದಕ್ಕೆ ಗೋಡೆಯಾಚೆ ಯಾರೂ ಇರಲಿಲ್ಲ.